ಒಂದು ಒತ್ತಿದರೆ ಹೌದು, ಎರಡು ಒತ್ತಿದರೆ ಇಲ್ಲ

ಏಪ್ರಿಲ್ 6, ಭಾನುವಾರ. ಸಲಿನಾಸ್

ಚೀಲ ಬಿಚ್ಚಿದರೆ ತಳದಲ್ಲಿ ಈ ಪುಸ್ತಕ. ನಯೇಲಿಯ ಉಬ್ಬಸದ ಪುಸ್ತಕ! ಬ್ರಾಲಿಯ ಮನೆಯಲ್ಲಿ ಮಗಳ ಹಾಸಿಗೆಯ ಪಕ್ಕ ಇರಬೇಕಾದ್ದು ನನ್ನ ಕಾಲುಚೀಲಗಳ ನಡುವೆ ಸಿಕ್ಕಿಕೊಂಡು ಐನೂರು ಮೈಲಿ ಬಂದುಬಿಟ್ಟಿದೆ. ಕ್ಲಿನಿಕ್ಕಿನ ನರ್ಸ್ ಮಿಸ್ ಒಫೆಲಿಯಾ ಕೊಟ್ಟದ್ದು. ಪುಟಪುಟಕ್ಕೂ ಗೆರೆ ಹಾಕಿ ಅಚ್ಚು ಮಾಡಿದ್ದಾರೆ: ಬೆಳಗ್ಗೆ ಎರಡು ಪಫ್, ಸಂಜೆ ಎರಡು ಪಫ್, ಕೆಮ್ಮು ಇದೆಯೇ, ಇಲ್ಲವೇ. ಒಂಬತ್ತು ವರ್ಷದ ಹುಡುಗಿ ಐದು ದಿನ ಅಚ್ಚುಕಟ್ಟಾಗಿ ತುಂಬಿದ್ದಾಳೆ, ನಕ್ಷತ್ರ ಬೇರೆ ಬಿಡಿಸಿದ್ದಾಳೆ. ಐದರ ಸಂಜೆ ಅವಳಿಗೆ ಉಬ್ಬಸದ ಪಂಪು ಹೊಡೆಸಿ ನಾನು ಬಸ್ಸು ಹತ್ತಿದೆ. ಅಲ್ಲಿಂದ ಮುಂದೆ ಖಾಲಿ.

ಅಕ್ಕ ಎಲ್ವಿರಾಳಿಗೆ ಫೋನ್ ಮಾಡಿದೆ. ಈ ಏಳು ತಿಂಗಳು ನಯೇಲಿ ಅವಳ ಮನೆಯಲ್ಲೇ.

"ಬೇರೆ ಪುಸ್ತಕ ಕೇಳಿ ತಗೋತೀನಿ ಬಿಡೋ. ಅದರಲ್ಲಿ ನೀನೇ ಏನಾದ್ರೂ ಬರ್ಕೋ. ಗೋಡೆ ಜೊತೆ ಮಾತಾಡೋದಕ್ಕಿಂತ ವಾಸಿ" ಅಂದಳು.

ಹೋದ ವರ್ಷ ಇಲ್ಲಿ ನಾನು ಗೋಡೆಯ ಜೊತೆ ಮಾತಾಡಿದ್ದು ಇವಳಿಗೆ ಯಾರು ಹೇಳಿದರೋ. ಡಾನ್ ಚೆಮಾನೇ ಇರಬೇಕು. ಈ ವರ್ಷವೂ ಅದೇ ಮೋಟೆಲ್, ಅದೇ ಕೋಣೆ, ಪಕ್ಕದ ಮಂಚದಲ್ಲಿ ಅದೇ ಮುದುಕ. ನಲವತ್ತು ವರ್ಷದಿಂದ ಲೆಟ್ಯೂಸ್ ಸೊಪ್ಪು ಕೊಯ್ಯುತ್ತಿದ್ದಾನೆ, ನಲವತ್ತು ವರ್ಷದಿಂದ ಗೊರಕೆ ಹೊಡೆಯುತ್ತಿದ್ದಾನೆ. ಚಳಿಗಾಲದಲ್ಲಿ ಸೊಪ್ಪು ಬ್ರಾಲಿಯ ಕಡೆ, ಏಪ್ರಿಲ್ ಬಂತೆಂದರೆ ಈ ಕಡೆ. ಸೊಪ್ಪು ಹೋದಲ್ಲಿಗೆ ನಾವು. ಮಕ್ಕಳಿಗೆ ಶಾಲೆ ಇದೆ, ಅವರು ಬರುವ ಹಾಗಿಲ್ಲ.

ಏಪ್ರಿಲ್ 9, ಬುಧವಾರ

ದಿನಕ್ಕೆ ಮೂರು ಸಲ ಫೋನು ಟಿಂಗ್ ಅನ್ನುತ್ತದೆ. ಮೂರೂ ಮನುಷ್ಯರದ್ದಲ್ಲ.

ಬೆಳಗ್ಗೆ ಆರೂವರೆಗೆ ಕ್ಲಿನಿಕ್ಕಿನದು. "ನಯೇಲಿ ಪಂಪು ತೆಗೆದುಕೊಂಡಳೇ? ಹೌದಾದರೆ 1, ಇಲ್ಲವಾದರೆ 2." ಸಂಜೆ ಏಳಕ್ಕೆ ಮತ್ತೆ ಅದೇ. ಎಂಟಕ್ಕೆ ಮೇಸ್ತ್ರಿ ತಿಬುರ್ಸಿಯೋನದು. "ನಾಳೆ ಐದಕ್ಕೆ ಬಸ್ಸು. ಬರುವವರು 1, ಬರದವರು 2."

ಮೇಸ್ತ್ರಿಗೆ ಎರಡು ಒತ್ತಿದವರನ್ನು ನಾನಂತೂ ಕಂಡಿಲ್ಲ. ಕಂಡಿಲ್ಲ ಅಂದರೆ, ಒತ್ತಿದವರು ಆಮೇಲೆ ಕಾಣುವುದಿಲ್ಲ. ಬೆರಳು ಕೊಯ್ದುಕೊಂಡರೂ ಒಂದು, ಜ್ವರ ಬಂದರೂ ಒಂದು. ನಯೇಲಿಗೂ ಇದು ಬಾಯಿಪಾಠ. ಬ್ರಾಲಿಯಲ್ಲಿ ಇದ್ದಾಗ ಎಂಟಕ್ಕೆ ಫೋನು ಕೂಗಿದರೆ ಸಾಕು, ಓಡಿಬಂದು ತಾನೇ ಒಂದು ಒತ್ತಿ, "ಎರಡು ಒತ್ತಿದವನಿಗೆ ಬಸ್ಸಿಲ್ಲ!" ಎಂದು ನನ್ನ ದನಿಯಲ್ಲೇ ಅಣಕಿಸುತ್ತಿದ್ದಳು.

ಬೆಳಗಿನ ಸಂದೇಶದ ಹೊತ್ತಿಗೆ ನಾನು ಹೊಲದಲ್ಲಿ ಬಗ್ಗಿರುತ್ತೇನೆ. ಕೈಗವಸು ಬಿಚ್ಚಬೇಕು, ತಿಬುರ್ಸಿಯೋ ನೋಡದ ಹಾಗೆ ಒತ್ತಬೇಕು. ಒಂದು ಒತ್ತಿದೆ. ಎಲ್ವಿರಾ ಮನೆಯಲ್ಲೇ ಇದ್ದಾಳಲ್ಲ, ಕೊಟ್ಟಿರುತ್ತಾಳೆ.

ಸಂಜೆಯದ್ದು ಮಾತ್ರ ನನ್ನದು. ಏಳಕ್ಕೆ ನಾನೇ ಫೋನ್ ಮಾಡುತ್ತೇನೆ. ಕೊಳವೆಗೆ ಪಂಪು ಸಿಕ್ಕಿಸುವ ಟಕ್ ಸದ್ದು ಕೇಳುತ್ತದೆ, ಒತ್ತುವ ಸದ್ದು, ಒಳಗೆಳೆಯುವ ಸದ್ದು. ಆಮೇಲೆ ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಒಂದು ಲೆಟ್ಯೂಸ್, ಎರಡು ಲೆಟ್ಯೂಸ್ ಎಂದು ನಾನು ಎಣಿಸುತ್ತೇನೆ. ಏಳನೆಯದಕ್ಕೆ ಅವಳಿಗೆ ನಗು ಬಂದೇ ಬರುತ್ತದೆ.

"ನಕ್ಕರೆ ಮೇಸ್ತ್ರಿ ಡಬ್ಬ ವಾಪಸ್ಸು ಮಾಡ್ತಾನೆ ನೋಡು, ಮತ್ತೆ ಮೊದಲಿಂದ!"

"ಪಪ್ಪಾ, ನೀನು ಎಣಿಸೋದೇ ನಿಧಾನ. ನಂಗೆ ಸಾಯೋ ಹಾಗಾಗತ್ತೆ."

"ಸಾಯೋ ಗೀಯೋ ಅನ್ಬೇಡ. ಇನ್ನೊಂದ್ಸಲ ಹಿಡಿ."

ಏಪ್ರಿಲ್ 15, ಮಂಗಳವಾರ

ಇಡೀ ದಿನ ಮಂಜು ಬಿಡಲಿಲ್ಲ. ಕೈ ಮರಗಟ್ಟಿ ಚಾಕು ಹಿಡಿದದ್ದೇ ಗೊತ್ತಾಗಲಿಲ್ಲ. ಬಸ್ಸಿನಲ್ಲಿ ನಲವತ್ತು ಜನ, ಯಾರಿಗೂ ಮಾತು ಬೇಡ, ಎಲ್ಲರಿಗೂ ನಿದ್ದೆ. ಡಾನ್ ಚೆಮಾ ಬಂದವನೇ ಟಿವಿ ಹಾಕಿ ಧಾರಾವಾಹಿಯ ಹೆಂಗಸರಿಗೆ ಬೈಯುತ್ತ ಕೂತ.

ಎಲ್ವಿರಾ ಸಂಜೆ ಹೇಳಿದಳು. "ಎಲಿಸೆಯೋ, ಆ ಕ್ಲಿನಿಕ್ ಮೆಸೇಜು ನನ್ನ ನಂಬರಿಗೆ ಬರೋ ಹಾಗೆ ಮಾಡ್ಸೋ. ಮಗು ಇಲ್ಲಿ, ಗಂಟೆ ಅಲ್ಲಿ ಹೊಡೆದ್ರೆ ಏನು ಬಂತು?"

ಸಿಟ್ಟು ನೆತ್ತಿಗೇರಿತು. "ಯಾಕೆ, ನಾನು ಅವಳಪ್ಪ ಅಲ್ವಾ?" ಅಂದೆ.

"ಅಪ್ಪ ಅಲ್ಲ ಅಂದೋರ್ಯಾರೋ ಮಾರಾಯ! ಬೆಳಗ್ಗೆ ನಾಲ್ಕೂವರೆಗೆ ಕೂಲಿಯೋರು ಐದು ಮಕ್ಕಳನ್ನ ನನ್ನ ಮನೇಲಿ ಬಿಟ್ಟು ಹೋಗ್ತಾರೆ. ಒಂದಕ್ಕೆ ಹಾಲು, ಒಂದಕ್ಕೆ ಚಡ್ಡಿ. ನಂಗೂ ಯಾರಾದ್ರೂ ನೆನಪು ಮಾಡಿದ್ರೆ ಒಳ್ಳೇದು ಅಂದೆ, ಅಷ್ಟೇ."

"ನಾನು ನೋಡ್ಕೋತೀನಿ" ಎಂದು ಇಟ್ಟುಬಿಟ್ಟೆ.

ನಯೇಲಿಯ ಅಮ್ಮ ಫೀನಿಕ್ಸಿಗೆ ಹೋದವಳು ಹೋದಳು, ನಾಲ್ಕು ವರ್ಷವಾಯಿತು. ವರ್ಷದಲ್ಲಿ ಏಳು ತಿಂಗಳು ಮಗಳ ಹತ್ತಿರ ನನ್ನದು ಅಂತ ಇರುವುದು ಇದೊಂದು ಟಿಂಗ್. ಅದನ್ನೂ ಕೊಟ್ಟರೆ ಇನ್ನೇನು ಉಳಿಯಿತು?

ಏಪ್ರಿಲ್ 20, ಭಾನುವಾರ

ಈಸ್ಟರ್ ಹಬ್ಬ. ಬ್ರಾಲಿಯಲ್ಲಿ ಎಲ್ಲರೂ ಪಾರ್ಕಿನಲ್ಲಿ ಮಾಂಸ ಸುಟ್ಟು ತಿಂದಿದ್ದಾರೆ, ಬಣ್ಣದ ಕಾಗದ ತುಂಬಿದ ಮೊಟ್ಟೆಯನ್ನು ಒಬ್ಬರ ತಲೆಯ ಮೇಲೊಬ್ಬರು ಒಡೆದಿದ್ದಾರೆ. ನಯೇಲಿ ಉಸಿರು ಬಿಡದೆ ಎಲ್ಲ ಹೇಳಿದಳು. ನಾನು ಹುರುಳಿಕಾಯಿ ಡಬ್ಬಿ ಬಿಸಿ ಮಾಡಿಕೊಂಡು ತಿಂದೆ. ಡಾನ್ ಚೆಮಾ ಚರ್ಚಿಗೆ ಹೋಗಿ ಯಾರದೋ ಮನೆಯಲ್ಲಿ ಉಳಿದುಬಿಟ್ಟ.

ಸಂಜೆಯ ಸಂದೇಶಕ್ಕೆ ಒಂದು ಒತ್ತಿದ ಮೇಲೆ ಸುಮ್ಮನಿರಲಾರದೆ ಬರೆದೆ: "ಇವತ್ತು ಹಬ್ಬ. ಇಲ್ಲಿ ಯಾರೂ ಇಲ್ಲ." ಎರಡೇ ಕ್ಷಣಕ್ಕೆ ಉತ್ತರ ಬಂತು. "ಕ್ಷಮಿಸಿ, ಅರ್ಥವಾಗಲಿಲ್ಲ. 1 ಅಥವಾ 2 ಒತ್ತಿ."

ಯಂತ್ರದ ಕ್ಷಮೆ. ಒಬ್ಬನೇ ಕೂತು ನಕ್ಕೆ, ನಕ್ಕದ್ದು ನಗುವಾಗಿ ಉಳಿಯಲಿಲ್ಲ.

ಏಪ್ರಿಲ್ 24, ಗುರುವಾರ

ಪೂರ್ಣ ಸುಗ್ಗಿ. ಸೋಮವಾರದಿಂದ ಕತ್ತಲಾಗುವವರೆಗೆ ಕೊಯ್ಲು. ಏಳಕ್ಕೆ ಬಸ್ಸಿನಲ್ಲಿ ಇರುತ್ತೇನೆ, ಗುಡ್ಡದ ಕಡೆ ಫೋನು ಹಿಡಿಯುವುದಿಲ್ಲ. ಹಿಡಿದಾಗ ಒಂದು ಒತ್ತುತ್ತೇನೆ. ಕೋಣೆಗೆ ಬರುವಷ್ಟರಲ್ಲಿ ಅವಳು ಮಲಗಿರುತ್ತಾಳೆ.

ಬೆನ್ನು ಹೋಯಿತು.

ಮೇ 1, ಗುರುವಾರ

1. 1. 1. 1. ಅಂಗಡಿಯವನು ಚೀಲ ಬೇಕಾ ಎಂದು ಕೇಳಿದರೂ ಬೆರಳು ಒಂದನ್ನು ಹುಡುಕುತ್ತದೆ.

ಮೇ 8, ಗುರುವಾರ

ಇವತ್ತು ಕ್ಲಿನಿಕ್ಕಿನಲ್ಲಿ ನಯೇಲಿಯ ತಪಾಸಣೆ. ಮಧ್ಯಾಹ್ನದ ಊಟದ ಹೊತ್ತಿಗೆ ಮಿಸ್ ಒಫೆಲಿಯಾ ಫೋನ್ ಮಾಡಿದಳು.

"ಗಾಬರಿ ಬೇಡ. ನಿಮ್ಮ ಲೆಕ್ಕ ನೋಡಿದೆ, ಒಂದೂ ತಪ್ಪಿಲ್ಲ. ಇಡೀ ಊರಲ್ಲಿ ನಿಮ್ಮಷ್ಟು ಶಿಸ್ತಿನ ಅಪ್ಪ ಇನ್ನೊಬ್ಬರಿಲ್ಲ" ಅಂದಳು.

"ಹೌದಾ" ಅಂದೆ. ಏನು ಸುಡುಗಾಡು ಹೇಳಬೇಕಿತ್ತು?

"ಆದ್ರೆ ಅವಳ ಎದೆ ಚೆನ್ನಾಗಿ ಕೇಳಿಸ್ತಿಲ್ಲ. ಉಸಿರು ಊದಿಸಿ ನೋಡಿದ ಅಳತೇನೂ ಇಳಿದಿದೆ. ಇಷ್ಟು ಸರಿಯಾಗಿ ತಗೊಂಡ್ರೂ ಹಿಂಗಾದ್ರೆ ಈ ಔಷಧಿ ಸಾಲ್ತಿಲ್ಲ ಅಂತ ಅರ್ಥ. ಡಾಕ್ಟರು ಜೋರಿನದು ಬರೆದಿದ್ದಾರೆ. ನಾನು ನಯೇಲಿಗೂ ಕೇಳ್ದೆ, ದಿನಾ ತಗೋತೀಯಾ ಅಂತ. ಹೌದು, ಎರಡು ಹೊತ್ತೂ ತಗೋತೀನಿ ಅಂದ್ಲು."

ನೋಡು ಮತ್ತೆ. ನನ್ನ ಮಗಳೇ ಹೌದು ಅಂದಿದ್ದಾಳೆ. ಹಾಗಾದರೆ ನಾನು ಒತ್ತಿದ್ದು ಸುಳ್ಳಲ್ಲ. ಸಂಜೆ ಬಸ್ಸಿನಲ್ಲಿ ಎಲ್ಲರಿಗೂ ಹೇಳಿದೆ, ಇಡೀ ಊರಿಗೇ ಶಿಸ್ತಿನ ಅಪ್ಪ ಅಂತೆ ಕಣ್ರೋ ಎಂದು. ಯಾರೋ ಹಿಂದಿನಿಂದ ಸಿಳ್ಳೆ ಹಾಕಿದರು. ಡಾನ್ ಚೆಮಾ ಮಾತ್ರ ಕಿಟಕಿಯ ಕಡೆ ತಿರುಗಿ, "ಐನೂರು ಮೈಲಿ ದೂರದಿಂದ ಪಂಪು ಹೊಡೆಸ್ತೀಯಲ್ಲೋ, ನಿನ್ನ ಕೈ ಉದ್ದ ಇರಬೇಕು" ಅಂದ. ಮುದುಕನಿಗೆ ಹೊಟ್ಟೆಕಿಚ್ಚು.

ಮೇ 9, ಶುಕ್ರವಾರ

ನಿದ್ದೆ ಬಂದಿಲ್ಲ. ಸುಸ್ತು ಅಷ್ಟೇ, ಬೇರೇನಲ್ಲ.

ಮೇ 13, ಮಂಗಳವಾರ

ಬ್ರಾಲಿಯಲ್ಲಿ ಗಾಳಿ ಎದ್ದಿದೆಯಂತೆ. ಒಣಗಿದ ಸರೋವರದ ಧೂಳೆಲ್ಲ ಊರ ಮೇಲೆ. ಆಕಾಶ ಕಂದು, ಒಗೆದ ಬಟ್ಟೆ ಕಂದು ಎಂದು ಎಲ್ವಿರಾ ಹೇಳಿದಳು. ಶಾಲೆಯವರು ಕೆಂಪು ಬಾವುಟ ಹಾರಿಸಿ ಮಕ್ಕಳನ್ನು ಹೊರಗೆ ಬಿಟ್ಟಿಲ್ಲ. ನಯೇಲಿಯ ಜೊತೆ ಎರಡು ಮಾತಾಡಿದೆ. ಮಾತಿನ ನಡುವೆ ನಿಲ್ಲಿಸಿ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದಳು.

"ಪಂಪು ತಗೊಂಡ್ಯಾ?"

"ಹೂಂ ಪಪ್ಪಾ."

"ಬೆಳಗ್ಗೆದೂ?"

"ಹೂಂ. ನೀನು ಒಂದು ಒತ್ತಿದ್ಯಾ?"

"ಒತ್ತಿದೆ."

"ಸರಿ ಹಾಗಾದ್ರೆ" ಅಂದಳು, ದೊಡ್ಡವರ ಹಾಗೆ.

ಮೇ 14, ಬುಧವಾರ

ಹತ್ತೂವರೆಗೆ ಎಲ್ವಿರಾಳ ಫೋನು. ಒಂದಲ್ಲ, ಆರು ಸಲ. ಕೈಗವಸು ಬಿಚ್ಚಿ ನೋಡುವಷ್ಟರಲ್ಲಿ ಹನ್ನೊಂದಾಗಿತ್ತು. ಶಾಲೆಯಲ್ಲಿ ತುಟಿ ನೀಲಿಯಾಗಿ ಕುಸಿದಳಂತೆ. ಆಂಬುಲೆನ್ಸ್. ಆಸ್ಪತ್ರೆ. ಈಗ ಆಮ್ಲಜನಕ ಕೊಡುತ್ತಿದ್ದಾರೆ, ಬದುಕಿದ್ದಾಳೆ.

ಬದುಕಿದ್ದಾಳೆ ಎಂದು ಮತ್ತೆ ಬರೆಯುತ್ತೇನೆ. ಬದುಕಿದ್ದಾಳೆ.

ತಿಬುರ್ಸಿಯೋ "ನಾಳೆ ಬಸ್ಸಿಗೆ?" ಅಂದ. ನಾನು ಚಾಕು ಅವನ ಕೈಗೇ ಕೊಟ್ಟು ನಡೆದುಬಿಟ್ಟೆ. ಬಸ್ ನಿಲ್ದಾಣದಲ್ಲಿ ರಾತ್ರಿ ಬಸ್ಸಿಗೆ ಕಾದು ಕೂತು ಬರೆಯುತ್ತಿದ್ದೇನೆ. ಲಾಸ್ ಏಂಜಲೀಸಿನಲ್ಲಿ ಬಸ್ಸು ಬದಲಿಸಬೇಕು. ಎಂಟಕ್ಕೆ ಅವನ ಸಂದೇಶ ಬಂತು. ಎರಡು ಒತ್ತಿದೆ. ಬೆರಳಿಗೆ ಆ ಜಾಗವೇ ಗೊತ್ತಿರಲಿಲ್ಲ.

ಮೇ 16, ಶುಕ್ರವಾರ. ಬ್ರಾಲಿ

ಇವತ್ತು ಮನೆಗೆ ಕಳಿಸಿದರು. ಮಲಗಿದ್ದಾಳೆ. ಪಕ್ಕೆಲುಬು ಎಣಿಸಬಹುದು.

ಅವಳ ಡಬ್ಬಿಯಲ್ಲಿ ಹಳೆಯ ಪಂಪು ಸಿಕ್ಕಿತು. ಬೆನ್ನಲ್ಲಿ ಸಣ್ಣ ಕಿಟಕಿ, ಒಳಗೆ ಎಷ್ಟು ಪಫ್ ಉಳಿದಿದೆ ಎಂದು ತೋರಿಸುತ್ತದೆ. ಏಪ್ರಿಲ್ ಒಂದಕ್ಕೆ ನಾನೇ ಹೊಸದಾಗಿ ತೆರೆದದ್ದು, ನೂರಿಪ್ಪತ್ತು. ತಿಂಗಳ ಕೊನೆಗೆ ಸೊನ್ನೆಯಾಗಬೇಕಿತ್ತು. ಎಪ್ಪತ್ತು ತೋರಿಸುತ್ತಿದೆ.

ನಾನಿದ್ದ ಐದು ದಿನಕ್ಕೆ ಇಪ್ಪತ್ತು. ಫೋನಿನಲ್ಲಿ ಎಣಿಸಿದ ಹದಿನೈದು ಸಂಜೆಗೆ ಮೂವತ್ತು. ಅಲ್ಲಿಗೆ ಮುಗಿಯಿತು. ಒಂದು ಬೆಳಗ್ಗೆಯೂ ಇಲ್ಲ! ಈಸ್ಟರ್ ಆದ ಮೇಲೆ ಒಂದು ಸಂಜೆಯೂ ಇಲ್ಲ! ಜೋರಿನ ಹೊಸ ಪಂಪಂತೂ ಹಾಗೇ ಕೂತಿದೆ.

ಎಲ್ವಿರಾಳ ಮೇಲೆ ಕೂಗಾಡಿದೆ. ಅವಳು ಕೂಗಾಡಲಿಲ್ಲ. ಅದೇ ಕಷ್ಟವಾಯಿತು.

"ನಾನು ದಿನಾ ಕೇಳ್ತಿದ್ದೆ ಕಣೋ, ಆಯ್ತಾ ಅಂತ. ಪಪ್ಪ ಒತ್ತಿದಾನೆ ಅತ್ತೆ, ಅಂತಿದ್ಲು. ನೀನು ಅವಳನ್ನ ಕೇಳಿ ಒತ್ತಿರ್ತೀಯ ಅಂತ ನಾನು. ನಾನು ಕೊಟ್ಟಿರ್ತೀನಿ ಅಂತ ನೀನು."

ನಯೇಲಿ ಎದ್ದಮೇಲೆ ಹಾಸಿಗೆಯ ತುದಿಯಲ್ಲಿ ಕೂತು ಕೇಳಿದೆ. ಬೈಯಬಾರದು ಎಂದುಕೊಂಡೇ ಕೇಳಿದೆ.

"ಪಂಪು ಯಾಕೆ ತಗೊಳ್ಲಿಲ್ಲ ಪುಟ್ಟೀ?"

"ಮೊದಲು ಮರೆತೆ. ಬೆಳಗ್ಗೆ ಆ ಮಕ್ಕಳ ಗಲಾಟೇಲಿ. ಆಮೇಲೆ ಒಬ್ಬಳೇ ಎಣಿಸ್ಕೊಂಡ್ರೆ ಚೆನ್ನಾಗಿರಲ್ಲ."

"ಮಿಸ್ ಒಫೆಲಿಯಾಗೆ ಯಾಕೆ ಸುಳ್ಳು ಹೇಳ್ದೆ?"

ಗೋಡೆಯ ಕಡೆ ತಿರುಗಿದಳು. "ಅವರ ಕಂಪ್ಯೂಟರಲ್ಲಿ ಎಲ್ಲಾ ಒಂದೇ ಇತ್ತು. ನೀನು ಎಲ್ಲಾದಕ್ಕೂ ಒಂದು ಒತ್ತಿದ್ದೆ. ನಾನು ಇಲ್ಲ ಅಂದ್ರೆ ಅದೆಲ್ಲ ಎರಡಾಗತ್ತಲ್ಲ ಪಪ್ಪಾ. ಎರಡಾದ್ರೆ ನಿಂಗೆ ಬಸ್ಸಿಲ್ಲ."

ಆಮೇಲೆ ಹಿತ್ತಲಿಗೆ ಹೋಗಿ ನಿಂತಿದ್ದೆ. ಬೇಲಿಯ ಮೇಲೆಲ್ಲ ಧೂಳು.

ಮೇ 17, ಶನಿವಾರ

ಮಿಸ್ ಒಫೆಲಿಯಾಳ ಎದುರು ಕುರ್ಚಿಯಲ್ಲಿ ಕೂತು ಎಲ್ಲ ಹೇಳಿದೆ. ಹೊಲದ್ದು, ಬಸ್ಸಿನದ್ದು, ಬೆರಳಿನದ್ದು. ಅವಳು ಬೈದರೆ ಹಗುರವಾಗುತ್ತಿತ್ತು.

"ಅಲ್ಲ, ಎರಡು ಬಂದ್ರೆ ತಾನೇ ನಾನು ಫೋನ್ ಮಾಡೋದು? ಒಂದು ಅಂದ್ರೆ ನಂಗೆ ಕೆಲಸ ಇಲ್ಲ. ಎರಡು ಒತ್ತಿದೋರಿಗೇ ಅಂತ ನನ್ನನ್ನ ಇಲ್ಲಿ ಕೂರಿಸಿದಾರೆ" ಅಂದಳು. "ಯಾರೂ ಒತ್ತಲ್ಲ. ಬೆಳಗ್ಗಿಂದ ಸಂಜೆವರೆಗೆ ಖಾಲಿ ಕೂತಿರ್ತೀನಿ."

ಅವಳೂ ಒಬ್ಬಳೇ ಎಂದು ನನಗೆ ಹೊಳೆದಿರಲಿಲ್ಲ.

"ನಂಬರ್ ಬದಲಾಯಿಸ್ತೀನಿ. ಎಲ್ವಿರಾಗೆ ಹಾಕಲಾ?"

ಜೇಬಿನ ಫೋನನ್ನು ಒಮ್ಮೆ ಮುಟ್ಟಿ ನೋಡಿಕೊಂಡೆ. ಆಮೇಲೆ "ಹಾಕಿ" ಅಂದೆ. "ನಂಗೂ ಒಂದು ಬರೋ ಹಾಗೆ ಮಾಡಕ್ಕಾಗತ್ತಾ?"

"ಒಂದು ಮಗುಗೆ ಒಂದೇ ನಂಬರು ರೀ. ಆದ್ರೆ ಒಂದು ಮಾತು. ಎರಡು ದಿನ ಪಂಪು ತಪ್ಪಿದ್ರೆ ನಾನೇ ನಿಮಗೆ ಫೋನ್ ಮಾಡ್ತೀನಿ. ನನ್ನ ಫೋನ್ ಬರಲಿಲ್ಲ ಅಂದ್ರೆ ನಿಮ್ಮ ಮಗಳು ಚೆನ್ನಾಗಿ ಉಸಿರಾಡ್ತಿದಾಳೆ ಅಂತ ತಿಳ್ಕೊಳ್ಳಿ."

ಹೊರಗೆ ಬಂದು ಎಲ್ವಿರಾಳ ಫೋನಿನಲ್ಲಿ ಆ ಟಿಂಗ್ ಸದ್ದನ್ನು ನಾನೇ ಜೋರು ಮಾಡಿಕೊಟ್ಟೆ. ಐದು ಮಕ್ಕಳು ಅಳುತ್ತಿದ್ದರೂ ಕೇಳಬೇಕು.

ಮೇ 22, ಗುರುವಾರ

ಐದು ದಿನ ಎಲ್ವಿರಾಳ ಫೋನು ಕೂಗಿತು, ನಾನು ಬಾಯಿ ಮುಚ್ಚಿಕೊಂಡು ಕೂತೆ. ನಯೇಲಿ ತಾನೇ ಪಂಪು ಸಿಕ್ಕಿಸುತ್ತಾಳೆ, ಎಲ್ವಿರಾ ಎಣಿಸುತ್ತಾಳೆ. ಲೆಟ್ಯೂಸ್ ಅಲ್ಲ, ಬರೀ ಒಂದು, ಎರಡು. ಏಳನೆಯದಕ್ಕೆ ನಗುವುದಿಲ್ಲ. ಸರಿಯಾಗಿ ಹತ್ತರವರೆಗೆ ಹಿಡಿಯುತ್ತಾಳೆ. ಬಾಯಿ ಮುಕ್ಕಳಿಸಿ ಬಂದು ತಾನೇ ಒಂದು ಒತ್ತುತ್ತಾಳೆ. ಮಂಗಳವಾರ ಮರೆತು ಶಾಲೆಗೆ ಹೋದಳು. ಎಲ್ವಿರಾ ಎರಡು ಒತ್ತಿದಳು. ಯಾರ ತಲೆಯೂ ಹೋಗಲಿಲ್ಲ.

ಬೆಳಿಗ್ಗೆ ತಿಬುರ್ಸಿಯೋಗೆ ಫೋನ್ ಮಾಡಿದೆ. ಅಂಗಲಾಚಬೇಕು ಎಂದುಕೊಂಡಿದ್ದೆ.

"ನಿನ್ನ ಚಾಕು ಇನ್ನೂ ನನ್ನ ಹತ್ರಾನೇ ಇದೆಯಲ್ಲೋ ಕತ್ತೆ. ಭಾನುವಾರ ಬಂದು ತಗೋ" ಅಂದ. "ಎರಡು ಒತ್ತಿದೋನು ನನ್ನ ಜೀವಮಾನದಲ್ಲಿ ನೀನೇ ಮೊದಲು. ಫೋನೇ ಕೆಟ್ಟಿದೆ ಅಂದ್ಕೊಂಡೆ."

ಅಂದರೆ ಇಷ್ಟು ವರ್ಷ ಯಾರೂ ಒತ್ತಿಯೇ ಇರಲಿಲ್ಲ.

ಮೇ 24, ಶನಿವಾರ

ಎಲ್ವಿರಾ ಬೇರೆ ಪುಸ್ತಕ ಕೇಳಿಯೇ ಇಲ್ಲವಂತೆ. ನಯೇಲಿಗೆ ಇದೇ ಬೇಕು, ನಕ್ಷತ್ರ ಇರುವುದು. ಕೊಡುವ ಮೊದಲು ನನ್ನ ಹಾಳೆಗಳನ್ನು ಹುಷಾರಾಗಿ ಹರಿದುಕೊಳ್ಳುತ್ತೇನೆ. ಇದು ಕೊನೆಯದು. ಏಪ್ರಿಲ್ ಐದರ ನಕ್ಷತ್ರದ ಪಕ್ಕಕ್ಕೇ ಅವಳ ಮೇ ಇಪ್ಪತ್ತೈದು ಬರುತ್ತದೆ. ನಡುವಿನದೆಲ್ಲ ನನ್ನ ಜೇಬಿನಲ್ಲಿ ಇರಲಿ.

ಹರಿದುಕೊಂಡ ಹಾಳೆಯ ತುದಿಯಲ್ಲಿ, ಬಸ್ಸಿನಲ್ಲಿ ಕೂತು ಇಷ್ಟು: ಹೊರಟಾಗ ಗೇಟಿನವರೆಗೆ ಬಂದಳು. "ಪಪ್ಪಾ, ಈಗ ನಿಂಗೆ ಏಳು ಗಂಟೆಗೆ ಕೆಲಸ ಇಲ್ಲ ಅಲ್ವಾ?"

"ಇಲ್ಲ."

"ಪಾಪ" ಅಂದಳು.

ಮೇ 26, ಸೋಮವಾರ. ಸಲಿನಾಸ್

ಪುಸ್ತಕವಿಲ್ಲ. ಲೆಟ್ಯೂಸ್ ಡಬ್ಬದ ರಟ್ಟು ಹರಿದು ಹಿಂಬದಿಯಲ್ಲಿ ಬರೆಯುತ್ತಿದ್ದೇನೆ.

ಇವತ್ತು ಬೇಗ ಬಿಟ್ಟರು. ಆರಕ್ಕೇ ಕೋಣೆ. ಸ್ನಾನ ಮಾಡಿದೆ, ಟೋರ್ಟಿಯಾ ರೊಟ್ಟಿ ಬಿಸಿ ಮಾಡಿದೆ, ಡಾನ್ ಚೆಮಾನಿಗೂ ಎರಡು. ಏಳಕ್ಕೆ ಐದು ನಿಮಿಷ ಇದ್ದಾಗ ಫೋನನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತೆ.

ಏಳಾಯಿತು. ಸದ್ದಿಲ್ಲ.

ಡಾನ್ ಚೆಮಾ ಟಿವಿ ಸಣ್ಣ ಮಾಡಿದ. "ಯಾರ ಫೋನಿಗೆ ಕಾಯ್ತಿದೀಯೋ?"

"ಯಾರದ್ದೂ ಇಲ್ಲ. ಬರಬಾರದು ಅಂತ ಕಾಯ್ತಿದೀನಿ."

ಮುದುಕ ಅರ್ಥವಾಗದೆ ನೋಡಿದ. ಹೇಳಿದೆ, ಈ ಹೊತ್ತಿಗೆ ಅಲ್ಲಿ ಟಿಂಗ್ ಅಂದಿರುತ್ತದೆ, ಟಕ್ ಎಂದು ಪಂಪು ಸಿಕ್ಕಿಸುತ್ತಾಳೆ, ಒಳಗೆಳೆಯುತ್ತಾಳೆ. ಹೇಳುತ್ತ ಹೇಳುತ್ತ ನಾನೂ ಎಳೆದುಕೊಂಡು ಹಿಡಿದೆ. ಅವನಿಗೆ ಏನನ್ನಿಸಿತೋ, ಟಿವಿ ಪೂರಾ ಆರಿಸಿ ಬೆರಳು ಮಡಚುತ್ತ ಗಟ್ಟಿಯಾಗಿ ಎಣಿಸಿದ. ಒಂದು ಲೆಟ್ಯೂಸ್, ಎರಡು ಲೆಟ್ಯೂಸ್. ನಿಧಾನಕ್ಕೆ, ನನಗಿಂತ ನಿಧಾನಕ್ಕೆ. ಏಳನೆಯದಕ್ಕೆ ನನಗೆ ನಗು ಬಂತು. ಆದರೂ ಹಿಡಿದೆ.

ಹತ್ತು ಅಂದ. ಉಸಿರು ಬಿಟ್ಟೆ. ಮೇಜಿನ ಮೇಲೆ ಫೋನು ಹಾಗೇ ಸುಮ್ಮನಿತ್ತು.